ಎಂಟು ಸೀಟಿನ ವಿಮಾನದಲ್ಲಿ ಒಂದು ಚಳಿಗಾಲ

"ನಿಮ್ಮ ತೂಕ ಎಷ್ಟು?"

ಕರ್ಕ್‌ವಾಲ್ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಂಗಸು ಮೊದಲು ಕೇಳಿದ್ದು ಇದನ್ನೇ. ಬ್ಯಾಗಿನ ತೂಕ ಅಲ್ಲ, ನನ್ನ ತೂಕ. ಕೋಟು, ಬೂಟು ಎಲ್ಲ ಸೇರಿಸಿ ಹೇಳಿ ಅಂದರು. ಹೇಳಿದೆ, ಬರೆದುಕೊಂಡರು. ಬೆಲ್ಟ್ ಬಿಚ್ಚಿಸುವ ತಪಾಸಣೆ ಇಲ್ಲ, ನೀರಿನ ಬಾಟಲಿ ಎಸೆಯುವ ಗೋಜಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ನಮ್ಮ ಐದು ಜನರ ಹೆಸರು ಕರೆದರು. ಯಾರು ಯಾವ ಸಾಲಿನಲ್ಲಿ ಕೂರಬೇಕು ಅಂತ ಹೇಳಿ, ವಿಮಾನದ ತನಕ ನಡೆಸಿಕೊಂಡು ಹೋದರು.

ಅದು 2018ರ ಅಕ್ಟೋಬರ್. ನಾನು ಫಿಸಿಯೋಥೆರಪಿಸ್ಟ್. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, ಸಮುದ್ರದಲ್ಲಿ ಚೆಲ್ಲಿದ ಹಾಗಿರುವ ಆರ್ಕ್ನಿ ದ್ವೀಪಗಳಲ್ಲಿ ಆರು ತಿಂಗಳ ಕೆಲಸ ಸಿಕ್ಕಿತ್ತು. ಸುಮಾರು ಎಪ್ಪತ್ತು ದ್ವೀಪ, ಜನ ಇರುವುದು ಇಪ್ಪತ್ತರಲ್ಲಿ. ಮೊಣಕಾಲು, ಸೊಂಟದ ಆಪರೇಷನ್ ಆದವರನ್ನು ಅವರವರ ದ್ವೀಪಕ್ಕೇ ಹೋಗಿ ನೋಡುವುದು ನನ್ನ ಪಾಲಿನ ಕೆಲಸ. ವಾರಕ್ಕೊಮ್ಮೆ ವೆಸ್ಟ್ರೇ, ಪಾಪಾ ವೆಸ್ಟ್ರೇ. ತಿಂಗಳಿಗೊಮ್ಮೆ ನಾರ್ತ್ ರೊನಾಲ್ಡ್ಸೇ. ದೋಣಿಯಲ್ಲಿ ಹೋದರೆ ಒಂದು ಕಡೆಗೇ ದಿನ ಮುಗಿಯುತ್ತದೆ. ಅದಕ್ಕೇ ಲೋಗನ್‌ಏರ್‌ನ ಐಲ್ಯಾಂಡರ್ ವಿಮಾನ.

ಗ್ಲಾಸ್ಗೋದಿಂದ ಕರ್ಕ್‌ವಾಲ್‌ಗೆ ಬಂದದ್ದೂ ಅದೇ ಕಂಪನಿಯ ವಿಮಾನದಲ್ಲಿ. ಅದು ಮೂವತ್ತು ಚಿಲ್ಲರೆ ಸೀಟಿನ ಸಾಬ್ 340. ಬಾಲದಲ್ಲಿ ಟಾರ್ಟನ್ ಚೌಕುಳಿ. ಚಹಾದ ಜೊತೆ ಟನ್ನಾಕ್ಸ್ ಕ್ಯಾರಮೆಲ್ ವೇಫರ್ ಕೊಟ್ಟರು. ಅದನ್ನೇ ಸಣ್ಣ ವಿಮಾನ ಅಂದುಕೊಂಡಿದ್ದೆ. ಐಲ್ಯಾಂಡರ್ ಪಕ್ಕ ನಿಂತಾಗ ಸಣ್ಣದು ಅನ್ನುವ ಮಾತಿನ ಅರ್ಥವೇ ಬೇರೆಯಾಯಿತು.

ಒಳಗೆ ನಡೆದಾಡುವ ದಾರಿಯೇ ಇಲ್ಲ. ಕಾರಿನ ಹಾಗೆ ಪಕ್ಕದ ಬಾಗಿಲು ತೆಗೆದು ನೇರ ಸೀಟಿಗೆ ಹತ್ತಬೇಕು. ಪ್ರಯಾಣಿಕರಿಗೆ ಎಂಟೇ ಸೀಟು. ಪೈಲಟ್ ಒಬ್ಬರೇ. ಅವರೇ ಹಿಂದೆ ತಿರುಗಿ ಲೈಫ್ ಜಾಕೆಟ್ ಎಲ್ಲಿದೆ, ಬಾಗಿಲು ಹೇಗೆ ತೆಗೆಯಬೇಕು ಅಂತ ಹೇಳುತ್ತಾರೆ. ರೆಕ್ಕೆ ತಲೆಯ ಮೇಲೆ, ಎಂಜಿನ್ ಕಿವಿಯ ಪಕ್ಕ. ಪೂರ್ತಿ ತುಂಬಿದರೂ ಮೂರು ಟನ್ ದಾಟುವಂತಿಲ್ಲ. ನನ್ನ ತೂಕ ಯಾಕೆ ಬೇಕಿತ್ತು ಅಂತ ಆಗ ಹೊಳೆಯಿತು. ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕರ ತೂಕಕ್ಕೆ ಒಂದು ಸರಾಸರಿ ಹಿಡಿದರೆ ಲೆಕ್ಕ ನಡೆಯುತ್ತದೆ. ಇಲ್ಲಿ ಒಬ್ಬ ಮನುಷ್ಯ ಹಿಂದಿನ ಸಾಲಿನಲ್ಲಿ ಕೂತರೆ, ಮುಂದೆ ಕೂತರೆ ವಿಮಾನದ ಸಮತೋಲವೇ ಬದಲಾಗುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಕೌಂಟರಿಗೆ ಹೋದ ಕೂಡಲೇ ನಾನೇ ಸಂಖ್ಯೆ ಹೇಳತೊಡಗಿದ್ದೆ.

ಈ ವಿಮಾನ ಹುಟ್ಟಿದ್ದೂ ದ್ವೀಪದಲ್ಲೇ. ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್‌ನಲ್ಲಿ ಜಾನ್ ಬ್ರಿಟನ್, ಡೆಸ್ಮಂಡ್ ನಾರ್ಮನ್ ಅನ್ನುವ ಇಬ್ಬರು ಗೆಳೆಯರು ಕಟ್ಟಿದ್ದು. ಮೊದಲು ಹಾರಿದ್ದು 1965ರಲ್ಲಿ. ಒಳಗೆ ಮಡಚಿಕೊಳ್ಳದ ಗಟ್ಟಿ ಚಕ್ರ, ಬಿಚ್ಚಿ ರಿಪೇರಿ ಮಾಡಲು ಸುಲಭವಾದ ಎಂಜಿನ್, ಐನೂರು ಮೀಟರಿನ ಆಸುಪಾಸಿನ ಪಟ್ಟಿಯಲ್ಲೂ ಇಳಿಯುವ ತಾಕತ್ತು. ಅಂದ ಚಂದಕ್ಕಿಂತ ಕೆಲಸ ಮುಖ್ಯ ಅಂತ ಮಾಡಿದ ಯಂತ್ರ. ನನಗೆ ಅದರ ಮೇಲೆ ತುಂಬ ಪ್ರೀತಿ ಬಂತು.

ಮೊದಲ ದಿನ ವೆಸ್ಟ್ರೇಗೆ ಸುಮಾರು ಕಾಲು ಗಂಟೆ. ಮೋಡದ ಮೇಲೆ ಹೋಗುವ ಮಾತೇ ಇಲ್ಲ. ಕೆಳಗಿನ ದನಗಳನ್ನು ಎಣಿಸಬಹುದಿತ್ತು. ಇಬ್ಬರು ಇಳಿದರು, ಒಂದು ಕಟ್ಟು ಪತ್ರಿಕೆ ಇಳಿಯಿತು, ಔಷಧಿಯ ಒಂದು ಚೀಲ ಇಳಿಯಿತು. ನಾನು ಮುಂದಕ್ಕೆ, ಪಾಪಾ ವೆಸ್ಟ್ರೇಗೆ. ಅಲ್ಲಿಯವರು ಆ ದ್ವೀಪವನ್ನು ಪ್ರೀತಿಯಿಂದ ಪಾಪೇ ಅನ್ನುತ್ತಾರೆ.

ಇದು ಲೋಕದಲ್ಲೇ ಅತಿ ಚಿಕ್ಕ ನಿಗದಿತ ವಿಮಾನ ಯಾನ. ದೂರ 2.7 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಅಂತ ಬರೆದಿದೆ. ಗಾಳಿ ಅನುಕೂಲ ಇದ್ದರೆ ಅಷ್ಟೂ ಬೇಡ. ಈ ಹಾದಿಯಲ್ಲಿ 12,000ಕ್ಕಿಂತ ಜಾಸ್ತಿ ಸಲ ಹಾರಿಸಿ 2013ರಲ್ಲಿ ನಿವೃತ್ತರಾದ ಕ್ಯಾಪ್ಟನ್ ಸ್ಟುವರ್ಟ್ ಲಿಂಕ್‌ಲೇಟರ್ ಒಮ್ಮೆ 53 ಸೆಕೆಂಡಿನಲ್ಲಿ ಮುಟ್ಟಿಸಿದ್ದಾರೆ. ನಾನು ಗಡಿಯಾರ ನೋಡಿಕೊಂಡೆ. ಚಕ್ರ ನೆಲ ಬಿಟ್ಟಿತು, ಬಂಡೆಯಂಚು ದಾಟಿತು, ಕೆಳಗೆ ಬಿಳಿ ನೊರೆಯ ನೀರು, ಆಗಲೇ ಎದುರಿಗೆ ಹಸಿರು ಪಟ್ಟಿ. ಎಂಬತ್ತೈದು ಸೆಕೆಂಡು. ಪೈಲಟ್‌ನ ಕೈ ಒಂದು ಕ್ಷಣವೂ ಸುಮ್ನೆ ಇರಲಿಲ್ಲ. ಉದ್ದದ ಪ್ರಯಾಣದಲ್ಲಿ ಹತ್ತುವುದು ಇಳಿಯುವುದರ ನಡುವೆ ಪೈಲಟ್‌ಗಳಿಗೆ ಉಸಿರಾಡಲು ಗಂಟೆಗಟ್ಟಲೆ ಸಿಗುತ್ತದೆ. ಇಲ್ಲಿ ಹತ್ತುವುದು ಇಳಿಯುವುದು ಬಿಟ್ಟರೆ ಬೇರೇನೂ ಇಲ್ಲ.

ಪಾಪೇಯ ನಿಲ್ದಾಣ ಅಂದರೆ ಒಂದು ಸಣ್ಣ ಕಟ್ಟಡ, ಒಂದು ಗಾಳಿಚೀಲ, ಒಂದು ಬೆಂಕಿ ನಂದಿಸುವ ವಾಹನ. ಆ ವಾಹನದ ಪಕ್ಕ ಸಮವಸ್ತ್ರದಲ್ಲಿ ನಿಂತವರು ಊರಿನವರೇ. ವಿಮಾನ ಬರುವ ಹೊತ್ತಿಗೆ ಬಂದು ನಿಲ್ಲುತ್ತಾರೆ, ಹೋದ ಮೇಲೆ ತಮ್ಮ ಕೆಲಸಕ್ಕೆ ವಾಪಸ್. ಆ ದಿನ ಬ್ಯಾಗ್ ಇಳಿಸಿಕೊಟ್ಟವರನ್ನೇ ಮಧ್ಯಾಹ್ನ ಟ್ರ್ಯಾಕ್ಟರ್ ಮೇಲೆ ನೋಡಿದೆ. 2011ರ ಜನಗಣತಿಯಲ್ಲಿ ಈ ದ್ವೀಪದ ಜನ 90. ಅವರಲ್ಲಿ ಕೆಲವರು ಆ ಹೊತ್ತಿಗೆ ಬಂದು ನಿಲ್ಲದಿದ್ದರೆ ವಿಮಾನ ಇಳಿಯುವ ಹಾಗೇ ಇಲ್ಲ. ವಿಮಾನ ಕಂಪನಿಯ ಕೆಲಸ ಅಂದರೆ ಪೈಲಟ್, ಎಂಜಿನಿಯರ್ ಅಂತ ಮಾತ್ರ ಯೋಚಿಸುತ್ತಿದ್ದ ನನಗೆ ಇದು ದೊಡ್ಡ ಪಾಠ.

ಪ್ರವಾಸಿಗಳು ಈ ಎರಡು ನಿಮಿಷದ ಹಾರಾಟಕ್ಕೆಂದೇ ದೂರದಿಂದ ಬರುತ್ತಾರೆ, ಪ್ರಮಾಣಪತ್ರ ತಗೊಂಡು ಹೋಗುತ್ತಾರೆ. ಬರಲಿ, ಒಳ್ಳೆಯದೇ. ದ್ವೀಪದಲ್ಲಿ ರಾತ್ರಿ ಉಳಿಯುವವರಿಗೆ ಆಗ ಟಿಕೆಟ್ ಅಗ್ಗ ಇತ್ತು. ಸುಮಾರು ಐದೂವರೆ ಸಾವಿರ ವರ್ಷ ಹಳೆಯ ಕಲ್ಲಿನ ಮನೆ, ನ್ಯಾಪ್ ಆಫ್ ಹೌವರ್, ಅಲ್ಲೇ ಕಡಲಂಚಿನಲ್ಲಿದೆ. ಆದರೆ ವಾರದ ನಡುವೆ ನನ್ನ ಜೊತೆ ಕೂರುತ್ತಿದ್ದವರು ಬೇರೆ. ಸಂಗೀತ ಕಲಿಸುವ ಮೇಷ್ಟ್ರು. ದನದ ಡಾಕ್ಟರು. ಬಾಯ್ಲರ್ ರಿಪೇರಿಯವರು. ಕರ್ಕ್‌ವಾಲ್‌ನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲ್ ಓದಿ ಶುಕ್ರವಾರ ಮನೆಗೆ ಹಾರುವ ಮಕ್ಕಳು. ದ್ವೀಪ ದ್ವೀಪಕ್ಕೆ ಹೋಗಿ ಬ್ಯಾಂಕ್ ಕೆಲಸ ಮಾಡುವ ಒಬ್ಬ ಮಹಿಳೆ ಹತ್ತು ಸಾವಿರಕ್ಕಿಂತ ಜಾಸ್ತಿ ಸಲ ಹಾರಿದ್ದಾರೆ ಅಂತ ಕೇಳಿ ನಾನು ದಂಗಾದೆ. ಇವರಲ್ಲಿ ಯಾರೂ ಕಿಟಕಿಯಾಚೆ ಫೋಟೋ ತೆಗೆಯುವುದಿಲ್ಲ.

ವೆಸ್ಟ್ರೇಯಲ್ಲಿ ನನ್ನ ಪೇಷಂಟ್ ಒಬ್ಬರಿದ್ದರು. ಎಂಬತ್ತು ದಾಟಿದ ರೈತ, ಹೊಸ ಮೊಣಕಾಲು. ವ್ಯಾಯಾಮ ಮಾಡಿಸುವಾಗ ನೋವು ಮರೆಯಲಿ ಅಂತ ವಿಮಾನದ ಮಾತು ತೆಗೆದೆ. ಅವರು ಮೂರು ವಾರ ಅದೇ ಮಾತಾಡಿದರು. ಅವರಿಂದ ಕೇಳಿದ್ದು, ಆಮೇಲೆ ಲೈಬ್ರರಿಯಲ್ಲಿ ಓದಿ ಖಾತ್ರಿ ಮಾಡಿಕೊಂಡಿದ್ದು ಸೇರಿಸಿ ಹೇಳುತ್ತೇನೆ.

ಇಲ್ಲಿಗೆ ಮೊದಲು ವಿಮಾನ ತಂದವರು ಕ್ಯಾಪ್ಟನ್ ಟೆಡ್ ಫ್ರೆಸನ್. 1933ರಲ್ಲಿ ಇನ್ವರ್ನೆಸ್‌ನಿಂದ ಕರ್ಕ್‌ವಾಲ್‌ಗೆ ಸೇವೆ ಶುರು ಮಾಡಿದರು. 1934ರ ಮೇನಲ್ಲಿ ಬ್ರಿಟನ್ನಿನ ಒಳಗಿನ ಮೊದಲ ನಿಯತ ಏರ್‌ಮೇಲ್ ಹೊತ್ತದ್ದೂ ಇದೇ ಹಾದಿಯಲ್ಲಿ. ಸಣ್ಣ ದ್ವೀಪಗಳಿಗೂ ಹಾರುತ್ತಿದ್ದರು. "ನಮ್ಮಪ್ಪ ಹೊಲದ ಕಲ್ಲು ಆರಿಸಿ ಜಾಗ ಮಾಡಿಕೊಟ್ಟವರಲ್ಲಿ ಒಬ್ಬರು" ಅಂತ ಆ ರೈತ ಹೇಳಿದಾಗ ಅವರ ದನಿ ಸ್ವಲ್ಪ ಬದಲಾಯಿತು. ಆಮೇಲೆ ಯುದ್ಧ ಬಂತು. ಯುದ್ಧದ ನಂತರ ಸರ್ಕಾರ ವಿಮಾನ ಕಂಪನಿಗಳನ್ನು ತನ್ನ ಕೈಗೆ ತಗೊಂಡಿತು. ದೊಡ್ಡ ಊರುಗಳಿಗೆ ವಿಮಾನ ಉಳಿಯಿತು. ಸಣ್ಣ ದ್ವೀಪಗಳು ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಮತ್ತೆ ದೋಣಿಯನ್ನೇ ಕಾದವು.

1967ರಲ್ಲಿ ಲೋಗನ್‌ಏರ್ ಬಂತು. ಅದರ ಹುಟ್ಟು ವಿಚಿತ್ರ. ವಿಲ್ಲಿ ಲೋಗನ್ ವಿಮಾನದವರಲ್ಲ, ಕಟ್ಟಡ ಕಂಟ್ರಾಕ್ಟರ್. ಡಂಡಿ ಊರಿನ ಟೇ ನದಿಗೆ ರಸ್ತೆ ಸೇತುವೆ ಕಟ್ಟುವ ಕೆಲಸ ಅವರದು. ಒಂದು ಸೈಟಿನಿಂದ ಇನ್ನೊಂದಕ್ಕೆ ಬೇಗ ಓಡಾಡಲು ವಿಮಾನ ಬೇಕಾಯಿತು. 1962ರಲ್ಲಿ ಪೈಪರ್ ಆಜ್ಟೆಕ್ ಅನ್ನುವ ಒಂದು ಪುಟ್ಟ ವಿಮಾನದೊಂದಿಗೆ ಕಂಪನಿ ಶುರುವಾಯಿತು. 1966ರ ಜನವರಿಯಲ್ಲಿ ಲೋಗನ್ ಇನ್ವರ್ನೆಸ್ ಹತ್ತಿರ ಬಾಡಿಗೆ ವಿಮಾನವೊಂದು ಗುಡ್ಡಕ್ಕೆ ಬಡಿದು ತೀರಿಕೊಂಡರು. ಸೇತುವೆ ತೆರೆದದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಅವರು ಅದನ್ನೂ ನೋಡಲಿಲ್ಲ, ತಮ್ಮ ಹೆಸರಿನ ವಿಮಾನ ಆರ್ಕ್ನಿಯ ಹೊಲಗಳಲ್ಲಿ ಇಳಿಯುವುದನ್ನೂ ನೋಡಲಿಲ್ಲ.

ಕಂಪನಿ ಬೆಳೆದ ಬಗೆ ಓದುತ್ತಾ ಹೋದರೆ ಅದು ಮೇಲಕ್ಕೆ ಏರಿದ ನೇರ ಗೆರೆ ಅಲ್ಲ. 1968ರಲ್ಲಿ ಒಂದು ಬ್ಯಾಂಕು ಕೊಂಡಿತು. 1980ರ ದಶಕದಲ್ಲಿ ಬ್ರಿಟಿಷ್ ಮಿಡ್‌ಲ್ಯಾಂಡ್ ಅನ್ನುವ ವಿಮಾನ ಕಂಪನಿಯ ಕೈಗೆ ಹೋಯಿತು. ಆಗ ಮ್ಯಾಂಚೆಸ್ಟರ್‌ನಿಂದ ಜೆಟ್ ಕೂಡ ಹಾರಿಸಿದರು. 1994ರ ಹೊತ್ತಿಗೆ ದೊಡ್ಡ ವಿಮಾನ, ದೊಡ್ಡ ಹಾದಿ ಬೇರೆ ಕಂಪನಿಗೆ ಹೋದವು, ಇವರಿಗೆ ಉಳಿದದ್ದು ಸ್ಕಾಟ್ಲೆಂಡಿನ ಒಳಗಿನ ಸಣ್ಣ ಪುಟ್ಟ ಸೇವೆ. 1997ರಲ್ಲಿ ಸ್ಕಾಟ್ ಗ್ರಿಯರ್ ಮುಂದಾಳತ್ವದಲ್ಲಿ ಆಡಳಿತ ನಡೆಸುತ್ತಿದ್ದವರೇ ಕಂಪನಿಯನ್ನು ಕೊಂಡರು. ಅಲ್ಲಿಂದ ನಿಧಾನಕ್ಕೆ ಸಾಬ್ ವಿಮಾನಗಳು, ಹೆಚ್ಚು ಹಾದಿಗಳು. ಬಣ್ಣವೂ ಬದಲಾಗುತ್ತಲೇ ಇತ್ತು. 2008ರ ತನಕ ಬ್ರಿಟಿಷ್ ಏರ್‌ವೇಸ್ ಬಣ್ಣ, ಆಮೇಲೆ 2017ರ ತನಕ ಫ್ಲೈಬಿ ಅನ್ನುವ ಇನ್ನೊಂದು ವಿಮಾನ ಕಂಪನಿಯದು. ಒಂದು ಕಾಲಕ್ಕೆ ನಮ್ಮ ಎಂಟು ಸೀಟಿನ ಐಲ್ಯಾಂಡರ್ ಕೂಡ ಬ್ರಿಟಿಷ್ ಏರ್‌ವೇಸ್ ಬಣ್ಣದಲ್ಲಿ ಪಾಪೇಗೆ ಇಳಿಯುತ್ತಿತ್ತು. 2017ರ ಸೆಪ್ಟೆಂಬರಿನಿಂದ ಮತ್ತೆ ಸ್ವಂತ ಹೆಸರು.

ನಾನಿದ್ದಾಗಲೇ, 2019ರ ಫೆಬ್ರವರಿಯಲ್ಲಿ, ಫ್ಲೈಬಿಎಂಐ ಅನ್ನುವ ಬೇರೊಂದು ವಿಮಾನ ಕಂಪನಿ ಮುಚ್ಚಿತು. ಅದರ ಕೆಲವು ಹಾದಿಗಳನ್ನು ಲೋಗನ್‌ಏರ್ ವಹಿಸಿಕೊಂಡಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಫ್ಲೈಬಿ ಕೂಡ ನಿಂತಾಗ ಇನ್ನಷ್ಟು ಹಾದಿ ಇವರಿಗೆ ಬಂದವು. ನನ್ನ ಮನಸ್ಸಿಗೆ ನಾಟಿದ್ದು ಇದು: ಜೆಟ್ ಬಂತು, ಹೋಯಿತು. ಮಾಲೀಕರು ಬಂದರು, ಹೋದರು. 1967ರಲ್ಲಿ ಶುರುವಾದ ಎಂಟು ಸೀಟಿನ ಕೆಲಸ ಮಾತ್ರ ನಾನು ಹೋದಾಗಲೂ ನಡೆಯುತ್ತಲೇ ಇತ್ತು.

ಅದು ಲಾಭಕ್ಕೆ ನಡೆಯುವುದಲ್ಲ. ಮೂರು ನಾಲ್ಕು ಜನರನ್ನು ಹೊತ್ತು ಹಾರಿದರೆ ಪೆಟ್ರೋಲಿನ ದುಡ್ಡೂ ಹುಟ್ಟುವುದು ಕಷ್ಟ. ಇದಕ್ಕೆ ಬ್ರಿಟನ್ನಿನಲ್ಲಿ ಸಾರ್ವಜನಿಕ ಸೇವೆಯ ಒಪ್ಪಂದ ಅನ್ನುವ ಏರ್ಪಾಡಿದೆ. ಇಷ್ಟು ದ್ವೀಪಕ್ಕೆ, ಇಷ್ಟು ಸಲ, ಇಂಥ ದರದಲ್ಲಿ ಹಾರಬೇಕು ಅಂತ ಆರ್ಕ್ನಿ ಕೌನ್ಸಿಲ್ ಟೆಂಡರ್ ಕರೆಯುತ್ತದೆ, ಕೊರತೆ ತುಂಬಿಕೊಡುತ್ತದೆ. ಸಣ್ಣ ದ್ವೀಪಗಳ ರನ್‌ವೇ ನೋಡಿಕೊಳ್ಳುವುದೂ ಕೌನ್ಸಿಲ್ಲೇ. ಇದನ್ನು ದಂಡ ಅನ್ನುವವರನ್ನು ಕಂಡಿದ್ದೇನೆ. ಅವರು ಒಂದು ವಾರ ನಾರ್ತ್ ರೊನಾಲ್ಡ್ಸೇಯಲ್ಲಿ ಇದ್ದು ಬರಬೇಕು.

ನಾನು ಇದ್ದೆ. ವಾರವಲ್ಲ, ಮೂರು ರಾತ್ರಿ. ಜನವರಿಯಲ್ಲಿ ಬೆಳಿಗ್ಗೆ ಹೋದವಳು ಮಧ್ಯಾಹ್ನ ವಾಪಸ್ ಬರಬೇಕಿತ್ತು. ಒಂಬತ್ತಕ್ಕೆ ಹುಟ್ಟುವ ಸೂರ್ಯ ಮೂರೂವರೆಯ ಹೊತ್ತಿಗೆ ಮುಳುಗುವ ಕಾಲ ಅದು. ಎರಡು ಗಂಟೆಗೆ ಸಮುದ್ರದ ಕಡೆಯಿಂದ ಮಂಜು ಬಂತು. ಐದೇ ನಿಮಿಷದಲ್ಲಿ ಗಾಳಿಚೀಲ ಕಾಣದಾಯಿತು. ಏರ್‌ಫೀಲ್ಡಿನವರು ಫೋನಿನಲ್ಲಿ ಮಾತಾಡಿ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಯಾರೂ ವಾದ ಮಾಡಲಿಲ್ಲ. ಇಳಿಯುವ ಜಾಗ ಕಾಣದಿದ್ದರೆ ಪೈಲಟ್ ಬರುವುದಿಲ್ಲ, ಅಷ್ಟೇ. ಈ ಶಿಸ್ತು ಇಲ್ಲದಿದ್ದರೆ ಐವತ್ತು ವರ್ಷ ಇಂಥ ಜಾಗಗಳಲ್ಲಿ ಹಾರಲು ಆಗುತ್ತಿತ್ತಾ?

ನನ್ನ ಪೇಷಂಟ್ ಒಬ್ಬರ ಮನೆಯಲ್ಲೇ ಹಾಸಿಗೆ ಸಿಕ್ಕಿತು. ಸುಮಾರು ಎಪ್ಪತ್ತು ಜನ ಇರುವ ದ್ವೀಪ ಅದು. ಕಡಲ ಪಾಚಿ ತಿಂದು ಬದುಕುವ ಕುರಿಗಳಿವೆ. ಅವು ಒಳಗಿನ ಹುಲ್ಲಿಗೆ ಬರಬಾರದು ಅಂತ 1832ರಲ್ಲಿ ದ್ವೀಪದ ಸುತ್ತ ಕಟ್ಟಿದ ಕಲ್ಲಿನ ಗೋಡೆ ಇನ್ನೂ ಇದೆ. ಮಂಜಿನಲ್ಲಿ ಗೋಡೆ ಹಿಡಿದು ನಡೆದರೆ ಆಚೆ ಕಡೆ ಕುರಿಗಳು ಪಾಚಿ ಅಗಿಯುವ ಸದ್ದು ಕೇಳುತ್ತಿತ್ತು. ಮನೆಯವರ ಫ್ರೀಜರ್ ತುಂಬ ಬ್ರೆಡ್ಡು, ಮೀನು. ವಿಮಾನ ಬರದ ದಿನಗಳ ಲೆಕ್ಕ ಇಟ್ಟುಕೊಂಡೇ ಇಲ್ಲಿ ಮನೆ ನಡೆಸುತ್ತಾರೆ. ಆ ಮನೆಯ ಅಜ್ಜಿಯ ಎರಡನೇ ಮಗು ಹುಟ್ಟುವ ರಾತ್ರಿ ಲೋಗನ್‌ಏರ್‌ನ ಆಂಬ್ಯುಲೆನ್ಸ್ ವಿಮಾನ ಬಂದು ಕರೆದೊಯ್ದಿತ್ತಂತೆ. ಆ ಕೆಲಸವನ್ನು ಕಂಪನಿ 1967ರಿಂದ 2006ರ ತನಕ ಮಾಡಿದೆ. "ಊರಿನವರೆಲ್ಲ ಕಾರು ತಂದು ಸಾಲಾಗಿ ನಿಲ್ಲಿಸಿ ದೀಪ ಹಚ್ಚಿದ್ದರು" ಅಂದರು ಅಜ್ಜಿ. ಆ ಮಗುವಿಗೆ ಈಗ ಮೊಮ್ಮಕ್ಕಳಿದ್ದಾರೆ.

ನಾಲ್ಕನೇ ದಿನ ಬೆಳಿಗ್ಗೆ ಗಾಳಿ ತಿರುಗಿತು. ಮೊದಲು ಸದ್ದು ಕೇಳಿತು, ಆಮೇಲೆ ರೆಕ್ಕೆ ಕಂಡಿತು. ನನ್ನ ಕಣ್ಣು ತುಂಬಿ ಬಂತು.

ಕರ್ಕ್‌ವಾಲ್‌ನಲ್ಲಿ ಒಮ್ಮೆ ಐಲ್ಯಾಂಡರ್‌ನ ಟೈರ್ ಬದಲಾಯಿಸುವುದನ್ನು ನಿಂತು ನೋಡಿದೆ. ಎಂಜಿನಿಯರ್ ಒಬ್ಬರು ವಿವರಿಸಿದರು. ದೂರ ಹಾರುವ ವಿಮಾನಕ್ಕೆ ವಯಸ್ಸಾಗುವುದು ಗಂಟೆಗಳಲ್ಲಿ, ಇದಕ್ಕೆ ಇಳಿದ ಸಲಗಳಲ್ಲಿ. ದಿನಕ್ಕೆ ಎಷ್ಟೋ ಸಲ ನೆಲಕ್ಕೆ ಬಡಿಯುವ ಚಕ್ರ, ಬ್ರೇಕು, ಕಾಲು. ಅದರ ಮೇಲೆ ಉಪ್ಪು ಗಾಳಿ. ಮೊಣಕಾಲು ಸವೆದವರನ್ನು ದಿನವೂ ನೋಡುವ ನನಗೆ ಈ ಮಾತು ಬೇಗ ಅರ್ಥವಾಯಿತು.

ಉಪ್ಪಿನ ಮಾತು ಬಂದಾಗ ಅವರೇ, "ಬಾರಾ ದ್ವೀಪ ನೋಡದೆ ಹೋಗಬೇಡಿ" ಅಂದರು. ಮಾರ್ಚ್‌ನಲ್ಲಿ ರಜೆ ಹಾಕಿ ಗ್ಲಾಸ್ಗೋಗೆ ಹೋಗಿ, ಅಲ್ಲಿಂದ ಟ್ವಿನ್ ಆಟರ್ ಹತ್ತಿದೆ. ಹತ್ತೊಂಬತ್ತು ಸೀಟು. ಪಶ್ಚಿಮಕ್ಕೆ ಒಂದು ಗಂಟೆಯ ಮೇಲೆ ಸ್ವಲ್ಪ. ಬಾರಾದಲ್ಲಿ ರನ್‌ವೇ ಅಂದರೆ ಟ್ರಾಯ್ ವೋರ್ ಅನ್ನುವ ಕಡಲ ತೀರದ ಮರಳು. ನಿಯತ ಸೇವೆಯ ವಿಮಾನ ಹೀಗೆ ಭರತದ ನೀರು ಮುಚ್ಚುವ ಮರಳಿನ ಮೇಲೆ ಇಳಿಯುವುದು ಲೋಕದಲ್ಲಿ ಇಲ್ಲೊಂದೇ ಕಡೆ. ಮೂರು ರನ್‌ವೇ ಇವೆ, ತುದಿಗಳಲ್ಲಿ ಮರದ ಕಂಬ ನೆಟ್ಟಿದ್ದಾರೆ. ಭರತ ಬಂದಾಗ ಮೂರೂ ನೀರಿನ ಕೆಳಗೆ. ಹಾಗಾಗಿ ವೇಳಾಪಟ್ಟಿ ಬರೆಯುವುದು ಚಂದ್ರನೇ. ಇವತ್ತು ಹನ್ನೊಂದಕ್ಕೆ ಬಂದ ವಿಮಾನ ಮುಂದಿನ ವಾರ ಬೇರೆ ಹೊತ್ತಿಗೆ ಬರುತ್ತದೆ.

ಇಳಿಯುವಾಗ ಟೈರ್ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಎರಡೂ ಕಡೆ ನೀರು ಚಿಮ್ಮಿದಾಗ ತಿಳಿಯಿತು. ಸಾಮಾನು ಕೊಡುವುದು ಬಸ್ ಸ್ಟಾಪಿನಂಥ ಒಂದು ಮಾಡಿನ ಕೆಳಗೆ. ವಿಮಾನವನ್ನು ದಿನವೂ ಸಿಹಿನೀರಿನಲ್ಲಿ ತೊಳೆಯುತ್ತಾರೆ, ಇಲ್ಲದಿದ್ದರೆ ಉಪ್ಪು ಲೋಹವನ್ನು ತಿಂದುಬಿಡುತ್ತದೆ. ಗಾಳಿಚೀಲ ಹಾರುತ್ತಿದ್ದರೆ ಜನ ಮರಳಿಗೆ ಇಳಿಯಬಾರದು. ಅದು ಕೆಳಗಿಳಿದ ಮೇಲೆ ಕುಂಟೆ ಹಿಡಿದು ಕಪ್ಪೆಚಿಪ್ಪು ಬಾಚಲು ಬರುತ್ತಾರೆ. ಇದು ಅಧಿಕೃತ ವಿಮಾನ ನಿಲ್ದಾಣವಾದದ್ದು 1936ರಲ್ಲಿ. ಅಷ್ಟು ವರ್ಷದಿಂದ ಮರಳು, ಚಿಪ್ಪು, ವಿಮಾನ ಮೂರೂ ಹೊಂದಿಕೊಂಡಿವೆ. ಎರಡು ದಿನ ಅಲ್ಲೇ ಕೂತು ವಿಮಾನ ಬರುವುದು, ಹೋಗುವುದು, ಅದರ ಗುರುತನ್ನು ನೀರು ಅಳಿಸುವುದು ನೋಡಿದೆ. ಬೇರೇನೂ ಮಾಡಲಿಲ್ಲ.

ತಿಂಗಳ ಕೊನೆಗೆ ನನ್ನ ಜಾಗಕ್ಕೆ ಹೊಸಬರೊಬ್ಬರು ಬಂದರು. ಪೇಷಂಟ್‌ಗಳ ಫೈಲ್ ಜೊತೆ ಎರಡು ಪುಟ ಬೇರೆ ಬರೆದುಕೊಟ್ಟೆ. ಕೋಟಿನ ಸಮೇತ ತೂಕ ನೋಡಿಟ್ಟುಕೊಳ್ಳಿ. ಈಡೇ ದ್ವೀಪಕ್ಕೆ ಹೋಗುವಾಗ ಬೋರ್ಡಿನ ಮೇಲೆ ಲಂಡನ್ ಏರ್‌ಪೋರ್ಟ್ ಅಂತ ಇರುತ್ತದೆ, ಗಾಬರಿ ಬೇಡ, ಪಕ್ಕದ ಕೊಲ್ಲಿಯ ಹೆಸರು ಅದು. ಒಂದು ಜೊತೆ ಬಟ್ಟೆ, ನಿಮ್ಮ ಮಾತ್ರೆ ಯಾವಾಗಲೂ ಬ್ಯಾಗಿನಲ್ಲಿರಲಿ. ವೆಸ್ಟ್ರೇಯ ರೈತರಿಗೆ ವ್ಯಾಯಾಮ ಮಾಡಿಸುವಾಗ ಫ್ರೆಸನ್ ಬಗ್ಗೆ ಕೇಳಿ, ಹತ್ತು ಸಲ ಜಾಸ್ತಿ ಕಾಲು ಮಡಚುತ್ತಾರೆ.

ಮೂರು ವಾರ ಕಳೆದ ಮೇಲೆ ಆ ಹೊಸಬರಿಂದ ಮೆಸೇಜ್ ಬಂತು. ನಾರ್ತ್ ರೊನಾಲ್ಡ್ಸೇ, ಮಂಜು, ಎರಡನೇ ದಿನ. ನಾನು ಆ ಅಜ್ಜಿಯ ಮನೆಗೆ ಫೋನ್ ಮಾಡಿದೆ. ಅವರಾಗಲೇ ಅಲ್ಲಿದ್ದರು, ಊಟಕ್ಕೆ ಕೂತಿದ್ದರು.